ಎಲುಬಿಗೆ ನೆಲೆಯೇ ನಾಲಿಗೆ

ಬಾವಿ ತೋಡುವಾಗ, ಮನೆಗೆ ಪಾಯ ತೆಗೆಯುವಾಗ, ಹೊಳೆದಂಡೆಯ ಗದ್ದೆಯನ್ನು ಮಟ್ಟ ಮಾಡುವಾಗ ನೆಲದೊಳಗಿಂದ ಹಳೆಯ ಎಲುಬೋ, ಹಲ್ಲೋ, ವಿಚಿತ್ರ ಆಕಾರದ ಕಲ್ಲೋ ಮೇಲೆ ಬರುವುದುಂಟು. ಅದನ್ನು ಕಂಡವರಲ್ಲಿ ಕೆಲವರು ರಾಕ್ಷಸರ ಮೂಳೆ ಎನ್ನುತ್ತಾರೆ. ಕೆಲವರು ಅಪಶಕುನವೆಂದು ಬೆದರಿ ಹೊಳೆಗೆ ಎಸೆಯುತ್ತಾರೆ. ಮತ್ತೆ ಕೆಲವರು ಕುತೂಹಲದಿಂದ ಮನೆಗೆ ತಂದು ಗೋಡೆಯ ಗೂಡಿನಲ್ಲಿಡುತ್ತಾರೆ. ಈ ಮೂವರ ಮನೋಭಾವ ಬೇರೆ ಬೇರೆಯಾದರೂ ಮೂವರಿಂದಲೂ ಆಗುವ ಹಾನಿ ಒಂದೇ. ಆ ವಸ್ತು ತಾನು ಮಲಗಿದ್ದ ನೆಲೆಯಿಂದ ಅಗಲಿಹೋಗುತ್ತದೆ. ನೆಲೆಯಿಂದ ಅಗಲಿದ ಎಲುಬು ಮೂಕವಾಗುತ್ತದೆ.

ಈ ಮಾತು ಉತ್ಪ್ರೇಕ್ಷೆಯಲ್ಲ. ಪುರಾತನ ಜೀವಿಗಳ ಅವಶೇಷಗಳನ್ನು ಅಭ್ಯಸಿಸುವ ಪಂಡಿತರ ಕಾರ್ಯವಿಧಾನವನ್ನು ತಿಳಿದರೆ ಅದರ ಸತ್ಯ ತಾನಾಗಿ ಮನದಟ್ಟಾಗುತ್ತದೆ. ಕಪಿಲಾ ಕಾವೇರಿಗಳ ದಂಡೆಯಲ್ಲಿ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಬಾಳುವ ನಮ್ಮ ಒಕ್ಕಲು ಮನೆತನಗಳಿಗೆ ಈ ತಿಳಿವಳಿಕೆ ಅವಶ್ಯವೆಂದು ಭಾವಿಸಿ ಇಲ್ಲಿ ಕೆಲವು ಸಂಗತಿಗಳನ್ನು ನಿವೇದಿಸುತ್ತಿದ್ದೇವೆ.

ಪಳೆಯುಳಿಕೆ ಎಂದರೇನು?

ಸತ್ತ ಜೀವಿಯ ದೇಹ ಸಾಮಾನ್ಯವಾಗಿ ಕೊಳೆತು ಮಣ್ಣಾಗುತ್ತದೆ. ಕೆಲವೊಮ್ಮೆ ಮಾತ್ರ ಅದು ಕೊಳೆಯುವ ಮೊದಲೇ ಕೆರೆಯ ಕೆಸರಿನಲ್ಲಿಯೋ, ನದಿಯ ಮೆಕ್ಕಲಿನಲ್ಲಿಯೋ, ಸಮುದ್ರದ ತಳದಲ್ಲಿಯೋ ಹೂತುಹೋಗುತ್ತದೆ. ಮಾಂಸ ನಶಿಸಿ ಎಲುಬು, ಹಲ್ಲು, ಚಿಪ್ಪುಗಳು ಉಳಿಯುತ್ತವೆ. ಅವುಗಳ ಸೂಕ್ಷ್ಮ ರಂಧ್ರಗಳಲ್ಲಿ ನೀರು ಹಾಯುತ್ತ, ತಾನು ಹೊತ್ತು ತಂದ ಖನಿಜಗಳನ್ನು ನಿಧಾನವಾಗಿ ತುಂಬುತ್ತದೆ. ಸಾವಿರಾರು, ಲಕ್ಷಾಂತರ ವರ್ಷಗಳಲ್ಲಿ ಎಲುಬು ಕಲ್ಲಾಗುತ್ತದೆ. ಆದರೂ ಅದರ ಆಕಾರ, ಒಳಗಿನ ನವಿರಾದ ರಚನೆ ಕೂಡ ಉಳಿದಿರುತ್ತದೆ. ಹೆಜ್ಜೆಯ ಗುರುತು, ಎಲೆಯ ಅಚ್ಚು, ಮೊಟ್ಟೆ, ಹುಳು ಕೊರೆದ ಬಿಲ ಇವೂ ಪಳೆಯುಳಿಕೆಗಳೇ. ಸುಮಾರು ೧೦,೦೦೦ ವರ್ಷಗಳಿಗಿಂತ ಹಳೆಯದಾದ ಜೀವಾವಶೇಷವನ್ನು ಪಳೆಯುಳಿಕೆ ಎಂದು ಕರೆಯುವುದು ರೂಢಿ.

ಇದಕ್ಕೆ ನಿದರ್ಶನ ದೂರದಲ್ಲಿಲ್ಲ. ಅನೇಕ ಮನೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮವನ್ನು ನಮ್ಮ ವಾಚಕರು ಕಂಡಿರಬಹುದು. ನೇಪಾಳದ ಗಂಡಕೀ ನದಿಯಲ್ಲಿ ದೊರೆಯುವ ಆ ಕರಿಯ ಕಲ್ಲಿನ ಒಳಗಿನ ಸುರುಳಿಯು ಅಮ್ಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನದು. ೧೪ ಕೋಟಿ ವರ್ಷಗಳಿಗೂ ಹಿಂದೆ ಇಂದಿನ ಹಿಮಾಲಯವಿರುವ ಕಡೆ ಸಮುದ್ರವಿತ್ತು. ಆ ಸಮುದ್ರದ ತಳವೇ ಮೇಲೆದ್ದು ಪರ್ವತವಾಯಿತೆಂಬುದಕ್ಕೆ ಅದರ ಕಲ್ಲಿನೊಳಗಿನ ಇಂಥ ಚಿಪ್ಪುಗಳೇ ಸಾಕ್ಷಿ. ನೆರೆಯ ತಮಿಳುನಾಡಿನ ತಿರುವಕ್ಕರೈ ಎಂಬಲ್ಲಿ ಇಡೀ ಮರದ ದಿಮ್ಮಿಗಳೇ ಕಲ್ಲಾಗಿ ಬಿದ್ದಿವೆ. ಅವು ಸುಮಾರು ೨ ಕೋಟಿ ವರ್ಷ ಹಿಂದಿನವು. ತೊಗಟೆಯ ಗೆರೆ, ಮರದ ಎಳೆ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಮುಟ್ಟಿದರೆ ಮಾತ್ರ ಕಲ್ಲು.

ಎಲ್ಲ ಕಲ್ಲಿನಲ್ಲಿಯೂ ಏಕಿಲ್ಲ?

ನಮ್ಮ ಸೀಮೆಯ ಬಂಡೆಗಳಲ್ಲಿ ಇಂಥದ್ದು ಏಕೆ ದೊರೆಯುವುದಿಲ್ಲ ಎಂಬ ಪ್ರಶ್ನೆ ಸಹಜ. ನಂಜನಗೂಡು, ನರಸೀಪುರಗಳ ನೆಲದ ಅಡಿಗಲ್ಲು ಬಹುಮಟ್ಟಿಗೆ ನೈಸ್ ಎಂಬ ಪಟ್ಟೆಕಲ್ಲು. ಅದರ ವಯಸ್ಸು ಸುಮಾರು ೩೦೦ ಕೋಟಿ ವರ್ಷ. ಭೂಗರ್ಭದ ಆಳದಲ್ಲಿ, ಮಹಾತಾಪದಲ್ಲಿ ಬೆಂದು ಮರುರೂಪ ತಾಳಿದ ಕಲ್ಲದು. ಚಾಮುಂಡಿ ಬೆಟ್ಟದ ಗ್ರಾನೈಟ್ ಕೂಡ ಕರಗಿದ ಶಿಲಾರಸ ಆಳದಲ್ಲಿ ಘನವಾಗಿ ಆದದ್ದು. ಅಂಥ ಕುಲುಮೆಯಲ್ಲಿ ಯಾವ ಜೀವಿಯ ಕುರುಹೂ ಉಳಿಯದು. ಆದ್ದರಿಂದ ಪಂಡಿತರು ಹುಡುಕುವುದು ಕೆಸರು, ಮರಳು, ಸುಣ್ಣ ಇವು ಪದರಪದರವಾಗಿ ಕುಳಿತು ಗಟ್ಟಿಯಾದ ಜಲಜ ಶಿಲೆಗಳನ್ನು. ಅದಕ್ಕೆ ಮೊದಲ ಉಪಕರಣ ಗುದ್ದಲಿಯಲ್ಲ, ಭೂವಿಜ್ಞಾನದ ನಕ್ಷೆ.

ಆ ನಕ್ಷೆಯನ್ನು ಹಿಡಿದು ನೋಡಿದರೆ ಕರ್ನಾಟಕದಲ್ಲಿಯೂ ಪಳೆಯುಳಿಕೆಯ ತಾಣಗಳಿವೆ. ಚಿತ್ರದುರ್ಗದ ಸುತ್ತಣ ಶಿಲಾಶ್ರೇಣಿಯ ಸುಣ್ಣಕಲ್ಲಿನಲ್ಲಿ ೨೫೦ ಕೋಟಿ ವರ್ಷಗಳಿಗೂ ಹಳೆಯದಾದ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಬಾಗಲಕೋಟೆ, ಕಲಾದಗಿ, ಲೋಕಾಪುರಗಳ ಸೀಮೆಯಲ್ಲಿ ೧೦೦ ಕೋಟಿ ವರ್ಷಗಳಿಗಿಂತ ಹಿಂದಿನವು ಇವೆ. ಇವು ಪ್ರಾಣಿಗಳ ಎಲುಬಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನೀಲಿಹಸಿರು ಜೀವಾಣುಗಳು ಆಳವಿಲ್ಲದ ನೀರಿನಲ್ಲಿ ಪೊರೆಯ ಮೇಲೆ ಪೊರೆಯಾಗಿ ಬೆಳೆದು, ಕೆಸರನ್ನು ಹಿಡಿದು ಕಟ್ಟಿದ ದಿಬ್ಬಗಳು. ಒಡೆದು ನೋಡಿದರೆ ಕೋಸಿನ ಎಲೆಗಳ ಹಾಗೆ ಒಂದರ ಮೇಲೊಂದು ಬಾಗಿದ ಗೆರೆಗಳು ಕಾಣುತ್ತವೆ. ನಾವು ಉಸಿರಾಡುವ ಪ್ರಾಣವಾಯುವನ್ನು ವಾತಾವರಣಕ್ಕೆ ಮೊದಲು ತುಂಬಿದವು ಇಂಥ ಜೀವಾಣುಗಳೇ.

ಇನ್ನು ಯಾದಗಿರಿ ಜಿಲ್ಲೆಯ ಗುರುಮಠಕಲ್ ಸೀಮೆಯ ಸಂಗತಿ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದಲ್ಲಿ ಲಾವಾರಸ ಹರಿದು ಹರಿದು ಕರಿಕಲ್ಲಿನ ಹಾಸಾಯಿತು. ಒಂದು ಹರಿವಿಗೂ ಇನ್ನೊಂದು ಹರಿವಿಗೂ ನಡುವಣ ಬಿಡುವಿನಲ್ಲಿ ಕೆರೆಗಳು ಉಂಟಾದವು. ಆ ಕೆರೆಗಳ ಕೆಸರು ಎರಡು ಲಾವಾಪದರಗಳ ನಡುವೆ ಸಿಕ್ಕಿ ಉಳಿದಿದೆ. ಅದರಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಚಿಪ್ಪಿನ ನೀರುಜೀವಿಗಳು, ಪಾಚಿಯ ಬೀಜದಂತಹ ಕಣಗಳು ದೊರೆತಿವೆ. ಅವು ಸಿಹಿನೀರಿನ ಜೀವಿಗಳಾದ್ದರಿಂದ ಅಲ್ಲಿ ಕಡಲಿರಲಿಲ್ಲ, ಕೆರೆಯಿತ್ತು ಎಂಬುದು ಸಿದ್ಧವಾಯಿತು.

ದೊಡ್ಡ ಪ್ರಾಣಿಯ ನಿದರ್ಶನ ಬೇಕೆಂದರೆ ಗೋಕಾಕಕ್ಕೆ ಹೋಗಬೇಕು. ೧೮೬೩ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಗೋಕಾಕದ ಸಮೀಪದ ಮೆಕ್ಕಲಿನಲ್ಲಿ ಖಡ್ಗಮೃಗದ ಅವಶೇಷಗಳನ್ನು ಕಂಡು, ೧೮೭೪ರಲ್ಲಿ ಅದನ್ನು ಒಂದು ಹೊಸ ಪ್ರಭೇದವೆಂದು ವರ್ಣಿಸಿ ದಖ್ಖನ್ನಿನ ಹೆಸರನ್ನೇ ಇಟ್ಟರು. ಇಂದು ಅಸ್ಸಾಮಿನಲ್ಲಿ, ಹಿಮಾಲಯದ ತಪ್ಪಲಿನ ಹುಲ್ಲುಗಾವಲುಗಳಲ್ಲಿ ಕಾಣುವ ಪ್ರಾಣಿಕುಲ ಒಮ್ಮೆ ಘಟಪ್ರಭೆಯ ಬಯಲಿನಲ್ಲಿ ಸಂಚರಿಸುತ್ತಿತ್ತೆಂಬುದು ಹೀಗೆ ಲೋಕಕ್ಕೆ ತಿಳಿಯಿತು.

ಅಗೆಯುವ ಮೊದಲು ಬರೆಯುವುದು

ಪಂಡಿತರು ಕ್ಷೇತ್ರದಲ್ಲಿ ಮಾಡುವ ಕೆಲಸ ಬಹುಪಾಲು ನಡಿಗೆ. ಮಳೆ ಕೊರೆದ ಇಳಿಜಾರು, ಹಳ್ಳದ ದಡ, ಕಲ್ಲುಗಣಿಯ ಗೋಡೆ ಇವುಗಳ ಮೇಲೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೆಲಕ್ಕೆ ಕಣ್ಣು ನೆಟ್ಟು ಮೈಲಿಗಟ್ಟಲೆ ನಡೆಯುತ್ತಾರೆ. ಒಂದು ಚೂರು ಕಂಡಾಗ ಒಡನೆ ಅದನ್ನು ಎತ್ತಿಕೊಳ್ಳುವುದಿಲ್ಲ. ಅದು ಉರುಳಿ ಬಂದದ್ದೋ ಅಲ್ಲಿಯದೇ ಪದರದ್ದೋ ಎಂದು ಮೊದಲು ಮೇಲಕ್ಕೆ ಹುಡುಕುತ್ತಾರೆ. ಸ್ಥಳವನ್ನು ನಕ್ಷೆಯಲ್ಲಿ ಗುರುತಿಸುತ್ತಾರೆ. ಈಚಿನ ವರ್ಷಗಳಲ್ಲಿ ಉಪಗ್ರಹದ ನೆರವಿನ ಉಪಕರಣದಿಂದ ಅಕ್ಷಾಂಶ ರೇಖಾಂಶಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ನೆಲದ ಮೇಲೆ ದಾರ ಕಟ್ಟಿ ಚೌಕಗಳನ್ನು ಮಾಡುತ್ತಾರೆ. ಯಾವ ಚೌಕ, ಎಷ್ಟು ಆಳ, ಯಾವ ಬಣ್ಣದ ಮಣ್ಣು, ಎಲುಬಿನ ತುದಿ ಯಾವ ದಿಕ್ಕಿಗೆ, ಪಕ್ಕದಲ್ಲಿ ಮತ್ತೇನು ಎಂಬುದನ್ನೆಲ್ಲ ಬರೆದು, ಚಿತ್ರ ತೆಗೆದು, ಬಳಿಕವೇ ಕೈ ಹಚ್ಚುತ್ತಾರೆ.

ಎಲುಬುಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದ್ದರೆ ಹರಿವ ನೀರು ಅವನ್ನು ಸಾಗಿಸಿತೆಂದು ಊಹೆ. ಅಸ್ಥಿಪಂಜರ ಕೀಲು ತಪ್ಪದೆ ಮಲಗಿದ್ದರೆ ಪ್ರಾಣಿ ಸತ್ತ ಕೆಲಕಾಲದಲ್ಲಿಯೇ ಹೂತುಹೋಯಿತೆಂದು ಊಹೆ. ಎಲುಬಿನ ಮೇಲೆ ಹಲ್ಲಿನ ಗೀರಿದ್ದರೆ ಮತ್ತೊಂದು ಪ್ರಾಣಿ ತಿಂದಿದೆ. ಇವು ಯಾವುವೂ ಗೂಡಿನಲ್ಲಿಟ್ಟ ಒಂಟಿ ಎಲುಬಿನಿಂದ ತಿಳಿಯತಕ್ಕವಲ್ಲ.

ಎಲುಬು ಸಡಿಲವಾಗಿದ್ದರೆ ತೆಳುವಾದ ಅಂಟುದ್ರವವನ್ನು ಹನಿಹನಿಯಾಗಿ ಕುಡಿಸಿ ಗಟ್ಟಿ ಮಾಡುತ್ತಾರೆ. ಸುತ್ತ ಕಾಲುವೆಯಂತೆ ಬಗೆದು, ಎಲುಬನ್ನು ಮಣ್ಣಿನ ಪೀಠದ ಮೇಲೆ ಉಳಿಸುತ್ತಾರೆ. ಅದರ ಮೇಲೆ ಒದ್ದೆ ಕಾಗದವನ್ನು ಹೊದಿಸಿ, ಗೋಣಿಬಟ್ಟೆಯ ಪಟ್ಟಿಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿ ಸುತ್ತುತ್ತಾರೆ. ಮುರಿದ ಕೈಗೆ ವೈದ್ಯರು ಹಾಕುವ ಕಟ್ಟಿನಂತೆಯೇ ಇದು. ಒಣಗಿದ ಮೇಲೆ ಬುಡವನ್ನು ಬಿಡಿಸಿ, ಮಗುಚಿ, ಆ ಮಗ್ಗುಲಿಗೂ ಕಟ್ಟು ಹಾಕಿ, ಮೇಲೆ ಸಂಖ್ಯೆ ಬರೆದು ಸಾಗಿಸುತ್ತಾರೆ. ಇಲಿಯ ಹಲ್ಲು, ಮೀನಿನ ಪೊರೆಯಂತಹ ಸಣ್ಣವುಗಳಿಗೆ ಬೇರೆ ಕ್ರಮ. ಮಣ್ಣನ್ನು ಚೀಲಚೀಲವಾಗಿ ತಂದು, ನೀರಿನಲ್ಲಿ ನೆನೆಸಿ, ನವಿರಾದ ಜರಡಿಗಳಲ್ಲಿ ತೊಳೆದು, ಉಳಿದದ್ದನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಕುಂಚದ ತುದಿಯಿಂದ ಒಂದೊಂದಾಗಿ ಆರಿಸುತ್ತಾರೆ. ನಮ್ಮ ತಾಯಂದಿರು ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆಯೇ ಇಲ್ಲಿಯೂ ಬೇಕು.

ಹಲ್ಲು ನೋಡಿ ಹೇಳುವ ವಿದ್ಯೆ

ಪ್ರಯೋಗಶಾಲೆಯಲ್ಲಿ ಕಲ್ಲನ್ನು ಎಲುಬಿನಿಂದ ಬಿಡಿಸುವ ಕೆಲಸ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಸೂಜಿ, ದಂತವೈದ್ಯರ ಕೊಕ್ಕೆ, ಗಾಳಿಯ ಒತ್ತಡದಿಂದ ಅದುರುವ ಪುಟ್ಟ ಉಳಿ ಇವು ಅಲ್ಲಿಯ ಆಯುಧಗಳು. ಸುಣ್ಣಕಲ್ಲಾದರೆ ತೆಳು ಆಮ್ಲದಲ್ಲಿಟ್ಟು ಕಲ್ಲನ್ನು ಮಾತ್ರ ಕರಗಿಸುವುದೂ ಉಂಟು. ಬಿಡಿಸಲಾಗದ್ದನ್ನು ಆಸ್ಪತ್ರೆಯ ಸ್ಕ್ಯಾನ್ ಯಂತ್ರದಂತಹುದರಲ್ಲಿಟ್ಟು ಒಳಗನ್ನು ನೋಡುತ್ತಾರೆ. ಕಲ್ಲನ್ನು ಒಂದು ಮಿಲಿಮೀಟರಿನ ಮೂವತ್ತಮೂರನೆಯ ಒಂದು ಭಾಗದಷ್ಟು ತೆಳುವಾಗಿ ಅರೆದು, ಬೆಳಕು ಹಾಯುವಂತೆ ಮಾಡಿ ನೋಡುವುದು ಇನ್ನೊಂದು ಕ್ರಮ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಲ್. ರಾಮರಾವ್ ಅವರು ಆಸ್ಟ್ರಿಯಾದ ಯೂಲಿಯಸ್ ಪಿಯಾ ಅವರೊಡನೆ ತಿರುಚಿನಾಪಳ್ಳಿ ಸೀಮೆಯ ಕಲ್ಲಾದ ಪಾಚಿಗಳನ್ನು ಕುರಿತು ೧೯೩೬ರಲ್ಲಿ ಪ್ರಕಟಿಸಿದ ಗ್ರಂಥ ಈ ವಿದ್ಯೆಯಲ್ಲಿ ಕನ್ನಡ ನಾಡಿನ ಹಿರಿಯ ಕೊಡುಗೆಗಳಲ್ಲೊಂದು.

ಮುಖ್ಯವಾದದ್ದು ಹೋಲಿಕೆ. ಮುಡುಕುತೊರೆಯ ದನಗಳ ಜಾತ್ರೆಯಲ್ಲಿ ಒಕ್ಕಲಿಗನು ಎತ್ತಿನ ಬಾಯಿ ಬಿಡಿಸಿ ನೋಡುತ್ತಾನೆ. ಹಾಲುಹಲ್ಲೇ, ಎರಡು ಹಲ್ಲೇ, ನಾಲ್ಕೇ, ಬಾಯಿಗೂಡಿದೆಯೇ ಎಂದು ನೋಡಿ ವಯಸ್ಸನ್ನು ನಿರ್ಣಯಿಸುತ್ತಾನೆ. ಯಾರ ಮಾತಿಗೂ ಅವನು ಕಿವಿಗೊಡುವುದಿಲ್ಲ. ಪಳೆಯುಳಿಕೆಯ ಪಂಡಿತರದೂ ಇದೇ ವಿದ್ಯೆಯ ವಿಸ್ತಾರ. ಇಂದಿನ ಪ್ರಾಣಿಗಳ ಎಲುಬುಗಳನ್ನು ಜೋಡಿಸಿಟ್ಟುಕೊಂಡು, ಕಲ್ಲಾದ ಎಲುಬನ್ನು ಅವುಗಳ ಪಕ್ಕದಲ್ಲಿಟ್ಟು ನೋಡುತ್ತಾರೆ. ಫ್ರಾನ್ಸಿನ ಕುವಿಯೆ ಎಂಬ ವಿದ್ವಾಂಸರು ೧೮೦೪ರ ಹೊತ್ತಿಗೆ ಪ್ಯಾರಿಸ್ ಬಳಿಯ ಕಲ್ಲಿನಲ್ಲಿ ದೊರೆತ ಪುಟ್ಟ ಅಸ್ಥಿಪಂಜರದ ಹಲ್ಲನ್ನು ನೋಡಿ, ಇದು ಮರಿಗಳನ್ನು ಚೀಲದಲ್ಲಿ ಹೊರುವ ಜಾತಿಯ ಪ್ರಾಣಿ, ಇದರ ಸೊಂಟದ ಬಳಿ ಆ ಜಾತಿಗೆ ವಿಶಿಷ್ಟವಾದ ಎರಡು ಎಲುಬುಗಳಿರಬೇಕು ಎಂದು ಮುಂಚಿತವಾಗಿ ಸಾರಿ, ಸಾಕ್ಷಿಗಳ ಸಮ್ಮುಖದಲ್ಲಿ ಕಲ್ಲನ್ನು ಕೆತ್ತಿ ಆ ಎಲುಬುಗಳನ್ನು ತೋರಿಸಿಕೊಟ್ಟರು. ಶಾಸ್ತ್ರವೆಂದರೆ ಇದೇ. ಊಹೆಯನ್ನು ಹೇಳಿ ಸುಮ್ಮನಾಗುವುದಲ್ಲ. ಅದನ್ನು ಪರೀಕ್ಷೆಗೆ ಒಡ್ಡುವುದು.

ವಯಸ್ಸಿನ ಲೆಕ್ಕ

ನೆಲೆಯ ಮಹತ್ವ ಎದ್ದು ಕಾಣುವುದು ವಯಸ್ಸಿನ ನಿರ್ಣಯದಲ್ಲಿ. ಇದಕ್ಕೆ ನಮ್ಮ ನಾಡಿನಲ್ಲಿಯೇ ಶ್ರೇಷ್ಠವಾದ ನಿದರ್ಶನವಿದೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನಿಂದ ಆಯುಧಗಳನ್ನು ತಯಾರಿಸುತ್ತಿದ್ದ ತಾಣವೊಂದಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವ ವಿದ್ವಾಂಸ ಕೆ. ಪದ್ದಯ್ಯ ಅವರು ಅಲ್ಲಿ ಉತ್ಖನನ ನಡೆಸಿದರು. ಕಲ್ಲಿನ ಆಯುಧಗಳ ಜೊತೆಯಲ್ಲಿ ದನದ ಜಾತಿಯ ಪ್ರಾಣಿಗಳ ಕಲ್ಲಾದ ಹಲ್ಲುಗಳು ದೊರೆತವು. ಆ ಹಲ್ಲುಗಳ ಪರೀಕ್ಷೆಯಿಂದ ತಾಣದ ವಯಸ್ಸು ಸುಮಾರು ೧೨ ಲಕ್ಷ ವರ್ಷವೆಂದು ೨೦೦೨ರಲ್ಲಿ ಪ್ರಕಟವಾಯಿತು.

ಹಲ್ಲಿನಿಂದ ವಯಸ್ಸು ತಿಳಿಯುವುದು ಹೇಗೆ? ಮಣ್ಣಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಮೊದಲಾದವು ಅತ್ಯಲ್ಪ ಪ್ರಮಾಣದಲ್ಲಿರುತ್ತವೆ. ಅವುಗಳಿಂದ ಸದಾ ಸೂಸುವ ವಿಕಿರಣದ ಪರಿಣಾಮ ಹೂತ ಹಲ್ಲಿನ ಬಿಳಿಯ ಕವಚದಲ್ಲಿ ವರ್ಷವರ್ಷವೂ ಸೇರುತ್ತ ಹೋಗುತ್ತದೆ. ಒಟ್ಟು ಸಂಚಯವನ್ನು ಉಪಕರಣದಿಂದ ಅಳೆಯಬಹುದು. ಆದರೆ ಅಷ್ಟರಿಂದಲೇ ಲೆಕ್ಕ ಮುಗಿಯದು. ಕಣಜದಲ್ಲಿ ನೂರು ಮೂಟೆ ಭತ್ತವಿದೆ ಎಂದರೆ ಅದು ಎಷ್ಟು ವರ್ಷದ ಬೆಳೆ? ಗದ್ದೆ ವರ್ಷಕ್ಕೆ ಎಷ್ಟು ಕೊಡುತ್ತದೆ ಎಂದು ತಿಳಿಯದೆ ಉತ್ತರವಿಲ್ಲ. ಹಾಗೆಯೇ ಹಲ್ಲಿನ ಸುತ್ತಲಿದ್ದ ಮಣ್ಣು ವರ್ಷಕ್ಕೆ ಎಷ್ಟು ವಿಕಿರಣ ಕೊಡುತ್ತದೆಂದು ಅಳೆಯಲೇಬೇಕು. ಎಂದರೆ ಹಲ್ಲಿನೊಡನೆ ಅದರ ಮಣ್ಣೂ ಬೇಕು. ಮಣ್ಣನ್ನು ತೊಳೆದು ಹಲ್ಲನ್ನು ಮಾತ್ರ ಜೇಬಿಗಿಳಿಸಿದವನು ೧೨ ಲಕ್ಷ ವರ್ಷಗಳ ದಾಖಲೆಯನ್ನು ಅಳಿಸಿದಂತಾಯಿತು.

ನೆಲೆ ತಪ್ಪಿದರೆ ಏನಾಗುತ್ತದೆ?

೧೯೩೫ರಲ್ಲಿ ಫಾನ್ ಕೋನಿಗ್ಸ್‌ವಾಲ್ಡ್ ಎಂಬ ವಿದ್ವಾಂಸರು ಹಾಂಗ್‌ಕಾಂಗಿನ ಔಷಧಿ ಅಂಗಡಿಯೊಂದರಲ್ಲಿ ಒಂದು ದವಡೆಹಲ್ಲನ್ನು ಕಂಡರು. ಚೀನೀ ವೈದ್ಯದಲ್ಲಿ ಪಳೆಯುಳಿಕೆಗಳನ್ನು ‘ಡ್ರ್ಯಾಗನ್ ಎಲುಬು’ ಎಂದು ಕರೆದು ಅರೆದು ಮದ್ದಿಗೆ ಬಳಸುವ ವಾಡಿಕೆಯಿತ್ತು. ಆ ಹಲ್ಲು ಯಾವುದೋ ಮಹಾಕಾಯ ವಾನರನದೆಂದು ಅವರಿಗೆ ತಿಳಿಯಿತು. ಆದರೆ ಎಲ್ಲಿಯದು, ಯಾವ ಕಾಲದ್ದು ಎಂದು ಹೇಳಬಲ್ಲವರಿರಲಿಲ್ಲ. ೧೯೫೦ರ ದಶಕದಲ್ಲಿ ದಕ್ಷಿಣ ಚೀನದ ಗುಹೆಗಳಲ್ಲಿ ಅಂಥ ಹಲ್ಲುಗಳು ತಮ್ಮ ನೆಲೆಯಲ್ಲಿಯೇ ದೊರೆಯುವವರೆಗೆ ಉತ್ತರಕ್ಕಾಗಿ ಕಾಯಬೇಕಾಯಿತು.

ಇದಕ್ಕಿಂತ ಖೇದಕರವಾದದ್ದು ನಮ್ಮ ದೇಶದಲ್ಲಿಯೇ ನಡೆಯಿತು. ಹಿಮಾಲಯದ ಭೂವಿಜ್ಞಾನವನ್ನು ಕುರಿತು ಎರಡು ದಶಕಗಳಿಗೂ ಮಿಗಿಲಾಗಿ ಬರೆದ ಪ್ರಾಧ್ಯಾಪಕರೊಬ್ಬರ ಪಳೆಯುಳಿಕೆಗಳು ಹಿಮಾಲಯದವಲ್ಲ, ಅನ್ಯದೇಶಗಳಿಂದ ಬಂದಂಥವು ಎಂದು ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ ಅವರು ೧೯೮೯ರಲ್ಲಿ ‘ನೇಚರ್’ ಪತ್ರಿಕೆಯ ಮೂಲಕ ಲೋಕಕ್ಕೆ ತಿಳಿಸಿದರು. ಅವುಗಳಲ್ಲಿ ಕೆಲವು ಮೊರಾಕೊ ದೇಶದಲ್ಲಿ ದೊರೆಯುವ ಸುರುಳಿಚಿಪ್ಪುಗಳನ್ನೇ ಹೋಲುತ್ತಿದ್ದವು. ಇಲ್ಲಿ ವಿಚಾರ ಮಾಡಬೇಕಾದ ಸೂಕ್ಷ್ಮವೊಂದಿದೆ. ಆ ಚಿಪ್ಪುಗಳು ಕೃತಕವಾಗಿರಲಿಲ್ಲ, ನಿಜವಾದ ಪಳೆಯುಳಿಕೆಗಳೇ. ಸುಳ್ಳಾಗಿದ್ದುದು ಅವುಗಳ ಊರು. ಊರೊಂದು ಸುಳ್ಳಾದ ಕಾರಣ ಅವನ್ನು ನಂಬಿ ಇತರರು ಕಟ್ಟಿದ ಶಾಸ್ತ್ರವೂ ಸಂಶಯಕ್ಕೆ ಗುರಿಯಾಯಿತು.

ಹೆಸರುಚೀಟಿಯ ಮಹಿಮೆಗೂ ಒಂದು ಉದಾಹರಣೆ. ೧೮೨೮ರಲ್ಲಿ ಸ್ಲೀಮನ್ ಎಂಬ ಅಧಿಕಾರಿ ಜಬಲ್ಪುರದಲ್ಲಿ ಕಂಡ ಬಾಲದ ಎಲುಬುಗಳಿಗೆ ೧೮೭೭ರಲ್ಲಿ ‘ಟೈಟನೋಸಾರಸ್ ಇಂಡಿಕಸ್’ ಎಂದು ನಾಮಕರಣವಾಯಿತು. ಭಾರತದ ಮೊದಲ ಡೈನೋಸಾರ್ ಅವಶೇಷಗಳಿವು. ಕಾಲಾಂತರದಲ್ಲಿ ಅವು ಎಲ್ಲಿವೆಯೆಂದು ತಿಳಿಯದಾಯಿತು. ೨೦೧೨ರಲ್ಲಿ ಕೋಲ್ಕತ್ತದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಗ್ರಹದಲ್ಲಿ ಮತ್ತೆ ಪತ್ತೆಯಾದವು. ನೆಲದಲ್ಲಿ ಕೋಟ್ಯಂತರ ವರ್ಷ ಸುರಕ್ಷಿತವಾಗಿದ್ದದ್ದು ಮನುಷ್ಯನ ಕಪಾಟಿನಲ್ಲಿ ಇನ್ನೂರು ವರ್ಷವೂ ನೆಮ್ಮದಿಯಾಗಿರಲಿಲ್ಲ! ತಾಳೆಗರಿಯ ಕಟ್ಟುಗಳನ್ನು ಶೋಧಿಸಿದವರಿಗೆ ಈ ಸಂಕಟ ಹೊಸದಲ್ಲ. ದಾರ ಕಡಿದು ಗರಿಗಳು ಬೆರೆತುಹೋದರೆ ಅಕ್ಷರಗಳು ಇದ್ದೂ ಗ್ರಂಥವಿಲ್ಲದಂತೆ.

ನಮ್ಮ ದಂಡೆಯ ಪುಟಗಳು

ಈಗ ನಮ್ಮ ಸಂಗಮಕ್ಕೆ ಬರೋಣ. ತಿರುಮಕೂಡಲು ನರಸೀಪುರದಲ್ಲಿ ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ೧೯೫೯-೬೦, ೧೯೬೧-೬೨ ಮತ್ತು ೧೯೬೪-೬೫ರಲ್ಲಿ ಉತ್ಖನನ ನಡೆಯಿತು. ಅದರ ವರದಿ ೧೯೭೧ರಲ್ಲಿ ಪ್ರಕಟವಾಯಿತು. ನುಣುಪಾದ ಕಲ್ಲಿನ ಕೊಡಲಿಗಳು, ಕೈಯಿಂದ ಮಾಡಿದ ಮಡಕೆಗಳು, ಮಾನವರ ಸಮಾಧಿಗಳು ಅಲ್ಲಿ ದೊರೆತವು. ತಲೆಗೆ ಆಸರೆಯಾಗಿ ಇಟ್ಟುಕೊಳ್ಳುವ ಸುಟ್ಟ ಮಣ್ಣಿನ ದಿಂಬು ಅಲ್ಲಿಯೂ ಹತ್ತಿರದ ಹೆಮ್ಮಿಗೆಯಲ್ಲಿಯೂ ಸಿಕ್ಕಿರುವುದು ವಿಶೇಷ. ಕಾಲ ಇಂದಿಗೆ ಸುಮಾರು ೩,೫೦೦ರಿಂದ ೪,೦೦೦ ವರ್ಷಗಳ ಹಿಂದೆ.

ಈ ಎಲುಬುಗಳು ಕಲ್ಲಾದ ಪಳೆಯುಳಿಕೆಗಳಲ್ಲ, ಅಷ್ಟು ಹಳೆಯವೂ ಅಲ್ಲ. ಆದರೆ ಅವನ್ನು ಓದುವ ಕ್ರಮ ಮಾತ್ರ ಅದೇ. ಚೌಕ, ಆಳ, ಪದರ, ಪಕ್ಕದಲ್ಲಿದ್ದ ಮಡಕೆ, ಹಲ್ಲಿನ ಸವೆತ ಇವೆಲ್ಲ ಕೂಡಿದಾಗಲೇ ಇದು ನವಶಿಲಾಯುಗದ ಮಾನವ ಎಂಬ ಮಾತು ಹೊರಡುತ್ತದೆ. ಅದೇ ಎಲುಬನ್ನು ಯಾರೋ ಅಗೆದು ಎಸೆದಿದ್ದರೆ ಅದು ಬರಿಯ ಎಲುಬು. ನಮ್ಮ ಹೊಲಗಳಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಜನ ನೆಲೆಸಿ, ಮಡಕೆ ಮಾಡಿ, ತಮ್ಮವರನ್ನು ಮಣ್ಣಿಗೆ ಒಪ್ಪಿಸಿದ್ದರು ಎಂಬುದು ಆ ಎಚ್ಚರದ ಉತ್ಖನನ ನಮಗೆ ಕೊಟ್ಟ ಕಾಣಿಕೆ.

ಹೊಳೆದಂಡೆಯ ಮೆಕ್ಕಲು ಇಂಥ ಪುಟಗಳನ್ನು ಇನ್ನೂ ಒಳಗಿಟ್ಟುಕೊಂಡಿರಬಹುದು. ಮರಳಿಗಾಗಿ, ಇಟ್ಟಿಗೆಗಾಗಿ, ಗದ್ದೆಯ ಮಟ್ಟಕ್ಕಾಗಿ ಯಂತ್ರಗಳು ಒಂದು ಹಗಲಿನಲ್ಲಿ ಬಾಚುವ ಮಣ್ಣು ನದಿ ಸಾವಿರ ವರ್ಷಗಳಲ್ಲಿ ಹಾಸಿದ್ದಿರಬಹುದು. ಒಮ್ಮೆ ಕಲಸಿಹೋದ ಪದರವನ್ನು ಮರಳಿ ಜೋಡಿಸುವ ಶಕ್ತಿ ಯಾವ ವಿಜ್ಞಾನಕ್ಕೂ ಇಲ್ಲ.

ಆದುದರಿಂದ ನಮ್ಮ ಮನೆತನಗಳಿಗೆ ನಮ್ಮ ವಿನಂತಿ ಇಷ್ಟೆ. ನೆಲದಲ್ಲಿ ಹಳೆಯ ಎಲುಬು, ಹಲ್ಲು, ಮಡಕೆ, ಕಲ್ಲಿನ ಕೊಡಲಿ ಕಂಡರೆ ಆ ಜಾಗದಲ್ಲಿ ಅಗೆತವನ್ನು ನಿಲ್ಲಿಸಿರಿ. ಎತ್ತಬೇಡಿರಿ, ತೊಳೆಯಬೇಡಿರಿ. ಇದ್ದಂತೆಯೇ ಒಂದು ಚಿತ್ರ ತೆಗೆಯಿರಿ. ಅಳತೆ ತಿಳಿಯುವಂತೆ ಪಕ್ಕದಲ್ಲಿ ಒಂದು ನಾಣ್ಯವನ್ನೋ ಅಡಿಕೋಲನ್ನೋ ಇಡಿರಿ. ಮೇಲೆ ಗೋಣಿ ಹೊದಿಸಿ ಮಣ್ಣು ಮುಚ್ಚಿರಿ. ಗ್ರಾಮ ಪಂಚಾಯಿತಿಗೂ ತಹಶೀಲ್ದಾರರಿಗೂ ತಿಳಿಸಿರಿ. ಮಾನವನ ಎಲುಬೆಂದು ತೋರಿದರೆ ಪೊಲೀಸರಿಗೆ ಮೊದಲು ತಿಳಿಸುವುದು ಕರ್ತವ್ಯ. ರಾಜ್ಯದ ಪುರಾತತ್ತ್ವ ಇಲಾಖೆ ಮೈಸೂರಿನಲ್ಲಿಯೇ ಇದೆ. ಮಾನಸಗಂಗೋತ್ರಿಯಲ್ಲಿ ಪುರಾತತ್ತ್ವವನ್ನೂ ಭೂವಿಜ್ಞಾನವನ್ನೂ ಬಲ್ಲ ಅಧ್ಯಾಪಕರಿದ್ದಾರೆ. ನಮ್ಮ ಸೀಮೆಯಿಂದ ಅಲ್ಲಿಗೆ ಹೋಗಿಬರಲು ಒಂದು ದಿನ ಸಾಕು. ಶಾಲೆಗೆ ಹೋಗುವ ಮಕ್ಕಳಿಗೂ ಇದನ್ನು ಹೇಳಿಕೊಡಿರಿ. ಹೊಲದಲ್ಲಿ, ಹೊಳೆಯ ದಡದಲ್ಲಿ ಇಂಥದ್ದು ಮೊದಲು ಬೀಳುವುದು ಬಹುವೇಳೆ ಅವರ ಕಣ್ಣಿಗೇ.